ಆಸ್ಟಿನ್ ಮುಂದೆ, ಮೈನರ್ ಹಿಂದೆ

ನಮ್ಮ ಅಣ್ಣ ಪರಮಶಿವಪ್ಪ ಒಳ್ಳೆಯ ಮನುಷ್ಯ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದಿನದನ್ನು ಓದಿದವರಿಗೆ ಹಾಗೆ ಅನ್ನಿಸದೆ ಇರಬಹುದು. ಶಿಕಾರಿಪುರದ ಪೇಟೆಯಲ್ಲಿ ಗೊಬ್ಬರ, ಬೀಜದ ಅಂಗಡಿ ಇಟ್ಟುಕೊಂಡು ಜೀವಮಾನವೆಲ್ಲ ರೈತರ ಜೊತೆ ಕೂಗಾಡಿದವನು, ಅದೇ ರೈತರ ಮನೆಯಲ್ಲಿ ಮದುವೆಯಾಗಲಿ ಸಾವಾಗಲಿ ಎಲ್ಲರಿಗಿಂತ ಮುಂಚೆ ಹೋಗಿ ನಿಲ್ಲುವವನು. ಉಡುತಡಿಯ ಕಡೆ ಯಾರಿಗಾದರೂ ಹೆರಿಗೆ ನೋವು ಬಂದರೆ ಆಂಬುಲೆನ್ಸಿಗಿಂತ ಮೊದಲು ಅವನಿಗೆ ಫೋನು ಬರುತ್ತಿತ್ತು. ಕಾರು ಓಡಿಸುವುದೆಂದರೆ ಅವನಿಗೆ ಊಟಕ್ಕಿಂತ ಹೆಚ್ಚು. ಆದರೆ ಎರಡು ಹಳೆಯ ಕಾರುಗಳ ವಿಷಯ ಬಂದರೆ ಅವನಿಗೂ, ಅವನ ಹೆಂಡತಿ ನೀಲಾಂಬಿಕ ಅತ್ತಿಗೆಗೂ ತಲೆ ನೆಟ್ಟಗಿರುವುದಿಲ್ಲ. ನಾನು ಪ್ರೈಮರಿ ಶಾಲೆಯ ಟೀಚರಾಗಿ ನಿವೃತ್ತಳಾದವಳು, ಎಂಥೆಂಥ ಮಕ್ಕಳ ಜಗಳ ಬಿಡಿಸಿದ್ದೇನೆ. ಪಕ್ಕದ ಮನೆಯಲ್ಲೇ ಇದ್ದರೂ ಇವರಿಬ್ಬರ ಜಗಳ ಬಿಡಿಸಲು ನನ್ನಿಂದ ಆಗಲಿಲ್ಲ.

ಅಣ್ಣನ ಕಾರು ಆಸ್ಟಿನ್. ನಮ್ಮ ಅಪ್ಪ ದಾವಣಗೆರೆಯ ಮಿಲ್ ಮಾಲೀಕರೊಬ್ಬರಿಂದ ಸೆಕೆಂಡ್ ಹ್ಯಾಂಡ್ ತಂದದ್ದು. ಕಪ್ಪು ಬಣ್ಣ, ಉಬ್ಬಿದ ಮೈ, ಒಳಗೆ ದಿವಾನದಂಥ ಸೀಟು. ಅತ್ತಿಗೆಯ ಕಾರು ಮೋರಿಸ್ ಮೈನರ್, ಸೊರಬದ ಅವಳ ತವರಿನದು. ಬೂದು ಹಸಿರು ಬಣ್ಣ, ಗುಂಡು ಮುಖ, ಆಸ್ಟಿನ್ ಪಕ್ಕ ನಿಲ್ಲಿಸಿದರೆ ಅದರ ಕರುವಿನ ಹಾಗೆ ಕಾಣುತ್ತದೆ. ಎರಡೂ ಇಂಗ್ಲೆಂಡಿನಲ್ಲಿ ಹುಟ್ಟಿದವು, ಹೆಚ್ಚುಕಡಿಮೆ ಒಂದೇ ವಯಸ್ಸಿನವು. ಅಲ್ಲಿ ಆ ಎರಡು ಕಂಪನಿಗಳ ನಡುವೆ ವರ್ಷಗಟ್ಟಲೆ ಜಿದ್ದು ಇತ್ತಂತೆ. ಕೊನೆಗೆ ಅವು ಬುದ್ಧಿ ಕಲಿತು ಒಂದಾದವು. ನಮ್ಮ ಮನೆಯಲ್ಲಿ ಆ ಬುದ್ಧಿ ಬರುವುದಕ್ಕೆ ಇನ್ನೂ ಬಹಳ ಕಾಲ ಬೇಕಾಯಿತು.

ಜಗಳ ಶುರುವಾದದ್ದು ಮದುವೆಯ ದಿನವೇ. ನಲವತ್ತು ವರ್ಷದ ಹತ್ತಿರದ ಮಾತು. ಮದುವೆ ಸೊರಬದಲ್ಲಿ, ಹೆಣ್ಣಿನವರ ಊರಿನಲ್ಲಿ. ಆಸ್ಟಿನ್ ಕಾರಿಗೆ ಹಿಂದಿನ ಸಂಜೆಯೇ ಹೂವಿನ ಅಲಂಕಾರವಾಯಿತು. ಹೂವು ಕಟ್ಟುವವನು ಭಾರಿ ಉತ್ಸಾಹದಲ್ಲಿದ್ದ. ಕಾರಿನ ಮುಂದಿನ ಜಾಲರಿ ಒಂದು ಚೂರೂ ಕಾಣದ ಹಾಗೆ ತೋಳು ದಪ್ಪದ ಚೆಂಡು ಹೂವಿನ ಹಾರಗಳನ್ನು ಒತ್ತೊತ್ತಾಗಿ ಬಿಗಿದ. ನೋಡಲು ಚೆನ್ನಾಗಿತ್ತು. ಇಂಜಿನ್ನಿಗೆ ಗಾಳಿ ಹೋಗುವುದು ಆ ಜಾಲರಿಯಿಂದಲೇ ಎಂದು ನಮಗೆ ಯಾರಿಗೂ ಹೊಳೆಯಲಿಲ್ಲ.

ಶಿರಾಳಕೊಪ್ಪ ದಾಟಿ ಸ್ವಲ್ಪ ದೂರ ಹೋಗಿರಬೇಕು, ಬಾನೆಟ್ಟಿನ ಸಂದಿಯಿಂದ ಹಬೆ ಏಳತೊಡಗಿತು. ಡ್ರೈವರ್ ಇಳಿದು ನೋಡಿ, ಹಾರ ಬಿಚ್ಚಿದರೆ ಸರಿಹೋಗುತ್ತದೆ ಎಂದ. ಬಿಚ್ಚಲು ಕೈ ಹಾಕಿದ್ದೇ ತಡ, ನಮ್ಮ ಸೋದರತ್ತೆ ದ್ಯಾಮಮ್ಮ ಅಡ್ಡ ಬಂದು ನಿಂತಳು.

"ತಾಳಿ ಕಟ್ಟೋ ತನಕ ಮದುವಿ ಹೂವು ಹರೀಬಾರ್ದು. ನೀರು ಹಾಕ್ರಿ, ಹೂವಿನ ತಂಟೆಗೆ ಹೋಗ್ಬ್ಯಾಡ್ರಿ."

ಅವಳ ಮಾತಿಗೆ ಎದುರಾಡುವವರು ನಮ್ಮ ವಂಶದಲ್ಲೇ ಇರಲಿಲ್ಲ. ಪಕ್ಕದ ಗದ್ದೆಯ ಪಂಪ್‌ಸೆಟ್ಟಿನಿಂದ ನೀರು ತಂದು ಹಾಕಿದೆವು. ಕಾರು ಒಂದಿಷ್ಟು ದೂರ ಹೋಗಿ ಮತ್ತೆ ಕುದಿಯಿತು. ಮತ್ತೆ ನೀರು ತಂದೆವು, ಮತ್ತೆ ಕುದಿಯಿತು. ರೇಷ್ಮೆ ಪಂಚೆ ಉಟ್ಟು ತಲೆಗೆ ಪೇಟ ಸುತ್ತಿದ ಮದುಮಗ ರಸ್ತೆಯಲ್ಲಿ ನಿಂತು ಬೆವರುತ್ತಿದ್ದ. ಅಷ್ಟು ಜನ ಸುತ್ತ ನಿಂತಿದ್ದೆವು, ಹಾರಕ್ಕೆ ಮಾತ್ರ ಒಬ್ಬರೂ ಕೈ ಹಚ್ಚಲಿಲ್ಲ. ಕೊನೆಗೆ ಬಸ್ಸಿನಲ್ಲಿ ಹೋಗುತ್ತಿದ್ದ ಪರಿಚಯದವರೊಬ್ಬರು ಸೊರಬಕ್ಕೆ ಸುದ್ದಿ ಮುಟ್ಟಿಸಿದರು. ಹೆಣ್ಣಿನ ಅಪ್ಪ ತಮ್ಮ ಮೈನರ್ ತಂದು, ಅಳಿಯನನ್ನು ಹಿಂದಿನ ಸೀಟಿನಲ್ಲಿ ಮಡಚಿ ಕೂರಿಸಿಕೊಂಡು ಮುಹೂರ್ತಕ್ಕೆ ಸರಿಯಾಗಿ ಮಂಟಪಕ್ಕೆ ಮುಟ್ಟಿಸಿದರು.

ಅಷ್ಟಕ್ಕೇ ಮುಗಿದಿದ್ದರೆ ಯಾರೂ ನೆನಪಿಟ್ಟುಕೊಳ್ಳುತ್ತಿರಲಿಲ್ಲ. ಊಟದ ಹೊತ್ತಿಗೆ ಗಂಡನ ಹೆಸರು ಹೇಳುವ ಶಾಸ್ತ್ರ ಬಂತು. ಹೆಣ್ಣುಗಳು ಸಾಮಾನ್ಯವಾಗಿ ನಾಚಿಕೊಂಡು, ಮಲ್ಲಿಗೆ, ಸಂಪಿಗೆ ಎಂದು ಏನಾದರೂ ಹೇಳಿ ತಲೆ ತಗ್ಗಿಸುತ್ತಾರೆ. ನಮ್ಮ ಅತ್ತಿಗೆ ತಲೆ ಎತ್ತಿಕೊಂಡೇ ಹೇಳಿದಳು:

"ಅರ್ಧ ದಾರಿ ಆಸ್ಟಿನ್ನು, ಇನ್ನರ್ಧ ಮೈನರ್ರು, ಅಂತೂ ಬಂದು ಮುಟ್ಟಿದ್ರು ಪರಮಶಿವಪ್ನೋರು."

ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಪಾಯಸ ಬಡಿಸುತ್ತಿದ್ದವನು ಸೌಟು ಹಿಡಿದುಕೊಂಡೇ ನಕ್ಕ. ನಾನೂ ನಕ್ಕೆ, ಸುಳ್ಳು ಯಾಕೆ ಹೇಳಲಿ. ಅಣ್ಣನ ಕಿವಿ ಕೆಂಪಾಯಿತು. ಆ ಸಂಜೆ ಅಪ್ಪನ ಮುಂದೆ, "ಜೀವ ಇರೋ ತನಕ ಆ ಮೋರಿಸ್ ಗಾಡಿ ಸ್ಟೇರಿಂಗ್ ಮುಟ್ಟಲ್ಲ" ಎಂದು ಶಪಥ ಮಾಡಿದ. ಮುಟ್ಟು ಎಂದು ಅವನಿಗೆ ಯಾರೂ ಹೇಳಿರಲಿಲ್ಲ, ಆ ಮಾತು ಬೇರೆ.

ಮುಂದೆ ಅತ್ತಿಗೆಯ ಅಪ್ಪ ತೀರಿಕೊಂಡರು. ಅವಳ ತಮ್ಮ ಮಹಾಂತೇಶ ಹೊಸ ಕಾರು ತಗೊಂಡ. ಮೈನರ್ ಶೆಡ್ಡಿನಲ್ಲಿ ನಿಂತು, ಅದರೊಳಗೆ ಬೆಕ್ಕು ಮರಿ ಹಾಕಿತು. ಆ ವರ್ಷ ನಾಗರಪಂಚಮಿಗೆ ತವರಿಗೆ ಹೋದ ಅತ್ತಿಗೆ ಅದನ್ನು ನೋಡಿ ತಡೆಯಲಾರದೆ ತಮ್ಮನ ಹತ್ತಿರ ಕೇಳಿದಳು. ಬೇರೆ ಹೆಣ್ಣುಮಕ್ಕಳು ಪಂಚಮಿಗೆ ತವರಿಂದ ಎಳ್ಳು ಬೆಲ್ಲದ ಉಂಡಿಯ ಡಬ್ಬಿ ತರುತ್ತಾರೆ. ಇವಳು ಉಂಡಿಯ ಡಬ್ಬಿಯನ್ನು ಪಕ್ಕದ ಸೀಟಿನಲ್ಲಿಟ್ಟುಕೊಂಡು ಕಾರನ್ನೇ ಓಡಿಸಿಕೊಂಡು ಬಂದಳು. ಮದುವೆಗೆ ಮುಂಚೆಯೇ ಅವಳ ಅಪ್ಪ ಅದೇ ಕಾರಿನಲ್ಲಿ ಅವಳಿಗೆ ಡ್ರೈವಿಂಗ್ ಕಲಿಸಿದ್ದರು.

"ಇದನ್ನೆಲ್ಲಿ ನಿಲ್ಲಿಸ್ತಿ?" ಎಂದ ಅಣ್ಣ.

"ಒಂದು ಮೂಲೆ ಸಾಕು ರೀ ಇದಕ್ಕೆ. ನಿಮ್ಮ ಆಸ್ಟಿನ್ ತರ ಊರಗಲ ಇಲ್ಲ," ಎಂದಳು ಅತ್ತಿಗೆ. ಇಷ್ಟು ವರ್ಷ ಶಿಕಾರಿಪುರದಲ್ಲಿದ್ದರೂ ಅವಳ ಬಾಯಲ್ಲಿ 'ಐತೆ' ಬಂದದ್ದನ್ನು ನಾನು ಕೇಳಿಲ್ಲ. ಸೊರಬದ 'ಇದೆ'ಯನ್ನೂ ಅವಳು ಕಾರಿನ ಹಾಗೆಯೇ ಕಾಪಾಡಿಕೊಂಡಿದ್ದಾಳೆ.

ಅಲ್ಲಿಂದ ಮುಂದೆ ಊರಿನವರಿಗೆ ಒಂದು ಪುಕ್ಕಟೆ ತಮಾಷೆ ಸಿಕ್ಕಿತು. ಸೊರಬದಲ್ಲಿ ಮದುವೆಯಿರಲಿ, ಹಬ್ಬವಿರಲಿ, ಗಂಡ ಹೆಂಡತಿ ಎರಡು ಕಾರಿನಲ್ಲಿ ಹೋಗುವುದು. ಅಣ್ಣನ ಆಸ್ಟಿನ್ ಮುಂದೆ, ಅತ್ತಿಗೆಯ ಮೈನರ್ ಹಿಂದೆ. ಶಿರಾಳಕೊಪ್ಪದ ಸರ್ಕಲ್ಲಿನಲ್ಲಿ ಟೀ ಕುಡಿಯುವವರು ಆಸ್ಟಿನ್ ಕಂಡ ಕೂಡಲೇ, "ಇನ್ನೊಂದು ಬರ್ತೈತೆ ತಡೀರಿ" ಎನ್ನುತ್ತಿದ್ದರು. ಇಬ್ಬರ ನಡುವೆ ನನ್ನ ಪಾಡು ಕೇಳಬೇಡಿ. ಹೋಗುವಾಗ ಒಂದರಲ್ಲಿ ಕೂತರೆ ಬರುವಾಗ ಇನ್ನೊಂದರಲ್ಲಿ ಕೂರಲೇಬೇಕು, ಇಲ್ಲದಿದ್ದರೆ ವಾರ ಪೂರ್ತಿ ಒಬ್ಬರು ನನ್ನ ಜೊತೆ ಮಾತು ಬಿಡುತ್ತಿದ್ದರು.

ಹಾಗಾಗಿ ಈ ಎರಡು ಕಾರುಗಳ ಬಗ್ಗೆ ನನ್ನಷ್ಟು ನಿಷ್ಪಕ್ಷಪಾತವಾಗಿ ಮಾತಾಡಬಲ್ಲವರು ಜಿಲ್ಲೆಯಲ್ಲೇ ಇಲ್ಲ. ಕೂರುವ ಸುಖಕ್ಕೆ ಆಸ್ಟಿನ್. ಕಾಲು ಚಾಚಿ, ಬೇಕಾದರೆ ಒಂದು ನಿದ್ದೆ ತೆಗೆಯಬಹುದು. ಐದು ಜನ ಕೂತು ಡಿಕ್ಕಿಯಲ್ಲಿ ಅಕ್ಕಿ ಮೂಟೆ ಇಟ್ಟರೂ ಏರು ಬಂದಾಗ ಕುಂಯ್ ಅನ್ನುವುದಿಲ್ಲ. ಆದರೆ ತಿರುವಿನಲ್ಲಿ ವಾಲುತ್ತದೆ, ಸ್ಟೇರಿಂಗ್ ತಿರುಗಿಸಲು ರಟ್ಟೆಯಲ್ಲಿ ಬಲ ಬೇಕು. ಮೈನರ್ ಇಕ್ಕಟ್ಟು, ಹಿಂದೆ ಕೂತವರ ಮೊಣಕಾಲು ಮುಂದಿನವರ ಬೆನ್ನಿಗೆ ತಾಗುತ್ತದೆ. ಏರು ಬಂದರೆ ಗೇರ್ ಇಳಿಸಲೇಬೇಕು. ಆದರೆ ತಿರುವಿನಲ್ಲಿ ನೆಲ ಕಚ್ಚಿಕೊಂಡು ಹೋಗುತ್ತದೆ, ಸ್ಟೇರಿಂಗ್ ಎರಡು ಬೆರಳಿಗೆ ಕೇಳುತ್ತದೆ. ಬಾಗಿಲ ಪಕ್ಕದ ಕಂಬದಿಂದ ಕೈ ಚಾಚಿದ ಹಾಗೆ ಹೊರಬರುವ ಇಂಡಿಕೇಟರ್ ಎರಡಕ್ಕೂ ಇದೆ. ಮೈನರಿನದು ಬಲಕ್ಕೆ ಮಾತ್ರ ಕೆಲಸ ಮಾಡುತ್ತದೆ, ಎಡಕ್ಕೆ ತಿರುಗುವಾಗ ಅತ್ತಿಗೆ ದೇವರ ಮೇಲೆ ಭಾರ ಹಾಕುತ್ತಾಳೆ. ಇನ್ನೊಂದು ವ್ಯತ್ಯಾಸ ಗೇರಿನದು. ಆಸ್ಟಿನ್‌ನಲ್ಲಿ ಗೇರಿನ ಕಡ್ಡಿ ಸ್ಟೇರಿಂಗಿನ ಕೆಳಗೇ ಇದೆ, ಕೈ ಎತ್ತಿ ಹಾಕಬೇಕು. ಮೈನರಿನಲ್ಲಿ ಇಬ್ಬರ ಸೀಟಿನ ನಡುವೆ ನೆಲದಿಂದ ಎದ್ದ ಉದ್ದನೆಯ ಕೋಲು, ಕೈ ಇಳಿಬಿಟ್ಟರೆ ಅದರ ತಲೆ ಅಂಗೈಗೆ ಸಿಗುತ್ತದೆ. ಎಷ್ಟು ಸಲ ಕೂತರೂ ಈ ವ್ಯತ್ಯಾಸದ ಬಗ್ಗೆ ನಾನು ತಲೆ ಕೆಡಿಸಿಕೊಂಡಿರಲಿಲ್ಲ.

ಹೋದ ವರ್ಷ ದೀಪಾವಳಿ ಕಳೆದ ಮೇಲೆ ಒಂದು ಬೆಳಿಗ್ಗೆ ಅಣ್ಣ ಅಂಗಡಿಯಲ್ಲಿ ಕೂತಲ್ಲೇ ಎಡಕ್ಕೆ ವಾಲಿದ. ಲಕ್ವ. ಮಗಳು ಬಿಂದುಶ್ರೀ ಅಂಗಡಿಯಲ್ಲೇ ಇದ್ದಳು, ಆ ಕ್ಷಣವೇ ಶಿವಮೊಗ್ಗಕ್ಕೆ ಕರೆದುಕೊಂಡು ಹೋದಳು, ಹಾಗಾಗಿ ಉಳಿದ. ಬೇಸಿಗೆಯ ಹೊತ್ತಿಗೆ ಮಾತು ಮೊದಲಿನಂತಾಯಿತು, ಕಾಲಿಗೂ ಬಲ ಬಂತು. ಎಡಗೈ ಮಾತ್ರ ಹೊಟ್ಟೆಯ ಮಟ್ಟಕ್ಕಿಂತ ಮೇಲೆ ಏಳಲಿಲ್ಲ. ಡಾಕ್ಟರು ಎಲ್ಲ ಪರೀಕ್ಷೆ ಮಾಡಿ, ಕಣ್ಣು, ಕಾಲು ಸರಿಯಾಗಿವೆ, ಜೊತೆಯಲ್ಲಿ ಒಬ್ಬರಿದ್ದು ನಿಧಾನವಾಗಿ ಕಾರು ಓಡಿಸಲು ಅಡ್ಡಿಯಿಲ್ಲ ಎಂದರು.

ಅವತ್ತು ಮನೆಗೆ ಬಂದವನು ಚಹಾ ಕೂಡ ಕುಡಿಯದೆ ಆಸ್ಟಿನ್ ಹತ್ತಿ ಕೂತ. ಇಂಜಿನ್ ಶುರುವಾಯಿತು. ಕ್ಲಚ್ ಒತ್ತಿದ. ಎಡಗೈಯನ್ನು ಸ್ಟೇರಿಂಗಿನ ಕೆಳಗಿನ ಕಡ್ಡಿಯವರೆಗೆ ಎತ್ತಲು ನೋಡಿದ. ಕೈ ಅರ್ಧಕ್ಕೆ ಏರಿ ತೊಡೆಯ ಮೇಲೆ ಬಿತ್ತು. ಮತ್ತೆ ಎತ್ತಿದ, ಮತ್ತೆ ಬಿತ್ತು. ಬಲಗೈಯನ್ನೇ ಅಡ್ಡ ತಂದು ಹಾಕಲು ಹೋದಾಗ ಗೇರು ಕರಕರ ಎಂದು ಕೂಗಿತು. ನಾವೆಲ್ಲ ಜಗಲಿಯಲ್ಲಿ ನಿಂತು ನೋಡುತ್ತಿದ್ದೆವು. ಅವನು ಇಂಜಿನ್ ಆರಿಸಿ ಇಳಿದು, ಒಂದೇ ಕೈಯಲ್ಲಿ ಟಾರ್ಪಾಲು ಎಳೆದು ಕಾರಿಗೆ ಹೊದಿಸಿ ಒಳಗೆ ಹೋದ.

ಆಮೇಲೆ ಅವನು ಮನೆ ಬಿಟ್ಟು ಹೊರಡಲೇ ಇಲ್ಲ. ಅಂಗಡಿಯನ್ನು ಬಿಂದುಶ್ರೀ ನೋಡಿಕೊಂಡಳು, ಅವನಿಗಿಂತ ಚೆನ್ನಾಗಿಯೇ. ಗೇರಿಲ್ಲದ ಹೊಸ ಕಾರು ಬಂದಿದೆ, ತರೋಣ ಎಂದರೆ, "ಅದನ್ನ ಓಡ್ಸೋದಂದ್ರೆ ಲಿಫ್ಟ್ನಾಗೆ ನಿಂತಂಗೆ" ಎಂದು ಮುಖ ತಿರುಗಿಸಿದ. ಬೇರೆಯವರು ಓಡಿಸಿದರೆ ಕೂರುವುದಿಲ್ಲ. ಉಡುತಡಿಯಿಂದ ರೈತರು ನೋಡಲು ಬಂದರೆ ನಿದ್ದೆ ಬಂದ ಹಾಗೆ ಕಣ್ಣು ಮುಚ್ಚುತ್ತಿದ್ದ. ಬೈಗುಳ ಕೂಡ ನಿಂತುಹೋಯಿತು. ನನಗೆ ಹೆದರಿಕೆಯಾದದ್ದು ಆಗಲೇ. ಲಕ್ವ ಅವನನ್ನು ಬಿಟ್ಟುಹೋದರೂ ಅವನು ಹೀಗೇ ಕೂತು ಮುಗಿದುಹೋಗುತ್ತಾನೆ ಎಂದು ನನಗೆ ನಿಜವಾಗಿ ಅನ್ನಿಸಿತು.

ಒಂದು ದಿನ ತಡೆಯಲಾರದೆ ಹೇಳಿಯೇಬಿಟ್ಟೆ. "ಅಣ್ಣ, ಮೈನರಿನ ಗೇರು ಕೆಳಗೈತೆ. ಕೈ ಎತ್ತೋದೇ ಬ್ಯಾಡ. ಸ್ಟೇರಿಂಗೂ ಹಗುರ. ಸುಮ್ನೆ ಅದನ್ನ ಓಡ್ಸು."

"ಆಡಿದ ಮಾತು ಆಡಿದ್ದೇ, ಈಶ್ವರಿ."

"ಯಾವ ಕಾಲದ ಮಾತು ಅದು? ಅದನ್ನ ಕೇಳಿದೋರು ಅರ್ಧ ಜನ ಸತ್ತೇ ಹೋದ್ರು."

"ನಾನಿನ್ನೂ ಸತ್ತಿಲ್ಲಲ್ಲ," ಎಂದ. ನನಗೆ ಎಷ್ಟು ಸಿಟ್ಟು ಬಂತೆಂದರೆ ಎರಡು ದಿನ ಆ ಕಡೆ ಹೋಗಲಿಲ್ಲ. ಮೂರನೆಯ ದಿನ ಹೋದೆ, ಹೋಗದೆ ಎಲ್ಲಿಗೆ ಹೋಗಲಿ.

ಈ ವರ್ಷ ಪಂಚಮಿ ಹತ್ತಿರ ಬಂತು. ಒಂದು ಭಾನುವಾರ ಬೆಳಿಗ್ಗೆ ಅತ್ತಿಗೆ ಮೈನರನ್ನು ಅಂಗಳಕ್ಕೆ ತಂದು, ಜಗಲಿಯ ಎದುರಿಗೇ ನಿಲ್ಲಿಸಿ ಬಾನೆಟ್ ಎತ್ತಿದಳು. ನಾನೂ ಬಿಂದುಶ್ರೀಯೂ ಉಂಡಿಗೆ ಎಳ್ಳು ಆರಿಸುತ್ತಾ ಕೂತಿದ್ದೆವು.

"ರೀ, ಬನ್ನಿ ಇಲ್ಲಿ. ಸ್ವಲ್ಪ ಇಂಜಿನ್ ನೋಡಿ."

"ನಾ ಮುಟ್ಟಲ್ಲ ಅಂತ ಗೊತ್ತಿಲ್ಲೇನು?"

"ಮುಟ್ಟಲ್ಲ ಅಂದಿದ್ದು ನೀವು. ನೋಡಲ್ಲ ಅಂದಿಲ್ಲ."

ಅಣ್ಣ ಎದ್ದು ಬಂದು, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಬೇರೆಯವರ ಮನೆಯ ಅಡುಗೆಮನೆಗೆ ಇಣುಕುವವನ ಹಾಗೆ ಇಣುಕಿದ.

"ಏನಾಗೈತೆ?"

"ಏನೂ ಆಗಿಲ್ಲ. ಈ ಇಂಜಿನ್ ಯಾವ ಕಂಪನಿದು ಹೇಳಿ ನೋಡೋಣ."

"ಮೋರಿಸ್‌ದು. ಇನ್ಯಾವುದು?"

"ಆಸ್ಟಿನ್‌ದು," ಎಂದಳು ಅತ್ತಿಗೆ.

ಅತ್ತಿಗೆ ಸಮಾಧಾನವಾಗಿ ವಿವರಿಸಿದಳು. ಎರಡು ಕಂಪನಿ ಒಂದಾದ ಮೇಲೆ ಮೈನರಿಗೆ ಹಳೆಯ ಇಂಜಿನ್ ತೆಗೆದು ಆಸ್ಟಿನ್‌ನವರ ಇಂಜಿನ್ ಕೂರಿಸಿದರಂತೆ. ಅವಳ ಅಪ್ಪ ಕೊಂಡದ್ದು ಅದಾದ ಮೇಲಿನ ಗಾಡಿ. ಅಣ್ಣನಿಗೆ ಇನ್ನೂ ನಂಬಿಕೆ ಬರಲಿಲ್ಲ, ಮಗಳ ಕಡೆ ನೋಡಿದ. ಬಿಂದುಶ್ರೀ ಎಳ್ಳಿನ ಕೈ ಒರೆಸಿಕೊಂಡು ಫೋನಿನಲ್ಲಿ ಹುಡುಕಿದಳು.

"ಹೌದಪ್ಪ, ಅಮ್ಮ ಹೇಳಿದ್ದು ಸರಿ ಐತೆ. ಮೈ ಮೋರಿಸ್‌ದು, ಇಂಜಿನ್ ಆಸ್ಟಿನ್‌ದು."

ಅಣ್ಣ ಇಂಜಿನ್ನನ್ನೇ ನೋಡುತ್ತಾ ನಿಂತ. ಆಮೇಲೆ ಅತ್ತಿಗೆಯ ಕಡೆ ತಿರುಗಿದ.

"ನಿನಗೆ ಇದು ಯಾವಾಗ ಗೊತ್ತಾತು?"

"ಮದುವೆಗೆ ಮುಂಚೆನೇ. ಡ್ರೈವಿಂಗ್ ಕಲಿಸುವಾಗ ಅಪ್ಪ ಹೇಳಿದ್ರು."

"ಮತ್ತೆ ಇಷ್ಟು ವರ್ಷ ಯಾಕೆ ಬಾಯಿ ಬಿಡ್ಲಿಲ್ಲ?"

"ಬಿಟ್ಟಿದ್ರೆ ನೀವು ದಿನಾ ಕುಣೀತಿದ್ರಿ."

"ಈಗ್ಯಾಕೆ ಹೇಳ್ದೆ?"

"ಈಗ ಕುಣೀಲಿ ಅಂತ," ಎಂದಳು ಅತ್ತಿಗೆ.

ನನ್ನ ಕಣ್ಣಲ್ಲಿ ನೀರು ಬಂತು. ಈ ಹೆಂಗಸು ತವರಿನ ವಿಷಯದಲ್ಲಿ ಒಂದು ಗುಲಗಂಜಿಯಷ್ಟೂ ಬಿಟ್ಟುಕೊಟ್ಟವಳಲ್ಲ. ಅದೊಂದು ಮಾತು ಹೊರಗೆ ಬಂದಿದ್ದರೆ ಎಲ್ಲ ಜಗಳದಲ್ಲೂ ಅವಳು ಸೋಲುತ್ತಿದ್ದಳು, ಅದಕ್ಕೇ ಹೊಟ್ಟೆಯೊಳಗೆ ಇಟ್ಟುಕೊಂಡಿದ್ದಳು. ಈಗ ತಾನಾಗಿಯೇ ತಂದು ಅವನ ಮುಂದೆ ಇಟ್ಟಳು, ಗೆದ್ದುಕೋ ಎಂದು. ನಾನು ನಾದಿನಿಯಾಗಿ ಅತ್ತಿಗೆಯ ಬಗ್ಗೆ ಹೊಗಳುವುದು ಕಡಿಮೆ. ಅವತ್ತು ಮಾತ್ರ ಅವಳ ಕಾಲು ಮುಟ್ಟಬೇಕೆನ್ನಿಸಿತು.

ಅಣ್ಣ ಅವತ್ತು ಕುಣಿಯಲಿಲ್ಲ. ಜಗಲಿಗೆ ಹೋಗಿ ಕೂತ. ಮಧ್ಯಾಹ್ನ ಊಟವಾದ ಮೇಲೆ ಯಾರ ಮುಖವನ್ನೂ ನೋಡದೆ, "ಆಸ್ಟಿನ್ ಇಂಜಿನ್ನು ಆ ಡಬ್ಬಿಯೊಳಗೆ ಹೆಂಗೈತೋ ಏನೋ. ಕೀ ಕೊಡು, ನೋಡ್ತೀನಿ" ಎಂದ. ಅತ್ತಿಗೆ ಕೀ ಕೊಟ್ಟಳು. ಪಕ್ಕದಲ್ಲಿ ಅವಳೂ ಹತ್ತಿದಳು. ಅವನ ಎಡಗೈ ಇಳಿಬಿದ್ದಲ್ಲೇ ಗೇರಿನ ಕೋಲು ಸಿಕ್ಕಿತು. ಮೈನರ್ ಒಮ್ಮೆ ಜಗ್ಗಿ ಗೇಟು ದಾಟಿತು. ಸ್ವಲ್ಪ ಹೊತ್ತಿನಲ್ಲೇ ಹಿಂದಿನ ರಸ್ತೆಯಿಂದ ಅಣ್ಣನ ದನಿ ಕೇಳಿಸಿತು, ದಾರಿಗೆ ಅಡ್ಡ ನಿಂತ ಟ್ರ್ಯಾಕ್ಟರಿನವನಿಗೆ ಬೈಯುತ್ತಿದ್ದ. ಅದನ್ನು ಕೇಳಿ ನಾನೂ ಬಿಂದುಶ್ರೀಯೂ ಮುಖ ಮುಖ ನೋಡಿಕೊಂಡೆವು.

ಆ ವಾರವೆಲ್ಲ ದಿನವೂ ಊರೊಳಗೆ ಓಡಿಸಿದ. ಪಂಚಮಿಯ ಬೆಳಿಗ್ಗೆ ಮಳೆ ಬಿಡುವು ಕೊಟ್ಟಿತ್ತು. ಸೊರಬಕ್ಕೆ ತಾನೇ ಓಡಿಸುವುದಾಗಿ ಅಣ್ಣ ಹೇಳಿದ. ಅತ್ತಿಗೆ ಮುಂದೆ, ನಾನು ಉಂಡಿಯ ಡಬ್ಬಿಯ ಜೊತೆ ಹಿಂದೆ. ಶಿರಾಳಕೊಪ್ಪದವರೆಗೆ ಅವನ ಬಾಯಿಗೆ ಬಿಡುವಿರಲಿಲ್ಲ. ಇಂಜಿನ್ನಿನ ಸದ್ದು ಕೇಳು, ಎಳೆತ ನೋಡು, ಆಸ್ಟಿನ್ ಅಂದರೆ ಆಸ್ಟಿನ್ನೇ ಎಂದು ಒಂದೇ ಸಮ ಕೊಚ್ಚಿಕೊಂಡ. ಅತ್ತಿಗೆ ಕಿಟಕಿಯ ಹೊರಗೆ ನೋಡುತ್ತಾ ಎಲ್ಲವನ್ನೂ ನುಂಗಿಕೊಂಡಳು. ಅವಳ ಕಷ್ಟ ಅವಳ ಕತ್ತಿನಲ್ಲೇ ಕಾಣುತ್ತಿತ್ತು.

ಅಲ್ಲಿಂದ ಮುಂದೆ ಒಂದು ಏರು ಬಂತು. ಆ ಚಿಕ್ಕ ಇಂಜಿನ್ನಿಗೆ ಗೇರ್ ಇಳಿಸಲೇಬೇಕು. ಅಣ್ಣ ಕೋಲು ಹಿಡಿದು ಎಳೆದ. ಅಷ್ಟು ದೂರ ಓಡಿಸಿ ಕೈ ಸೋತಿತ್ತು, ಬೆರಳು ಜಾರಿತು. ಇನ್ನೊಮ್ಮೆ ಹಿಡಿದ, ಅದೂ ಜಾರಿತು. ಕಾರು ಎರಡು ಸಲ ಕುಪ್ಪಳಿಸಿ ನಿಂತುಹೋಯಿತು. ಹಿಂದಿನಿಂದ ಬಸ್ಸು ಹಾರ್ನ್ ಹೊಡೆಯುತ್ತಾ ಬಳಸಿಕೊಂಡು ಹೋಯಿತು. ಅಣ್ಣ ಬಲಗೈಯನ್ನು ಅಡ್ಡ ತಂದು ಹ್ಯಾಂಡ್ ಬ್ರೇಕ್ ಎಳೆದು, ಎಡಗೈಯನ್ನು ತೊಡೆಯ ಮೇಲಿಟ್ಟುಕೊಂಡು ಕೂತ.

"ಆಗಲ್ಲ ನೀಲಾ. ನೀನೇ ಬಾ ಈ ಕಡೆ," ಎಂದ.

ಇನ್ನು ಇವನು ಯಾವತ್ತೂ ಕಾರು ಮುಟ್ಟುವುದಿಲ್ಲ ಎಂದು ನನಗೆ ಖಾತ್ರಿಯಾಯಿತು. ಬಾಗಿಲು ತೆಗೆಯುವ ಸದ್ದಿಗಾಗಿ ಕಾಯುತ್ತಾ ಹಿಂದೆ ಕೂತಿದ್ದೆ. ಅತ್ತಿಗೆ ಇಳಿಯಲಿಲ್ಲ.

"ಸುಸ್ತಾಗಿದ್ದು ಎಡಗೈ ಒಂದೇ ತಾನೆ? ಬಲಗೈ ಇದೆ, ಕಾಲು ಎರಡೂ ಇದಾವೆ. ಕ್ಲಚ್ ಒತ್ತಿ."

"ಗೇರು?"

"ಗೇರು ನಾನು ಹಾಕ್ತೀನಿ. ನಂಗೆ ಬಲಗೈ ಇದೆಯಲ್ಲ. ಒತ್ತಿ ಮಾರಾಯ್ರೆ, ಏರಲ್ಲಿ ಎಷ್ಟು ಹೊತ್ತು ಕೂರೋದು?"

ಅಣ್ಣ ಅವಳ ಮುಖ ನೋಡಿದ. ಕೀ ತಿರುಗಿಸಿದ, ಕ್ಲಚ್ ಒತ್ತಿದ. ಅತ್ತಿಗೆ ಕೋಲನ್ನು ಮೊದಲನೇ ಗೇರಿಗೆ ತಳ್ಳಿ ಹ್ಯಾಂಡ್ ಬ್ರೇಕ್ ಇಳಿಸಿದಳು. ಕಾರು ಮುಂದೆ ಹೋಯಿತು. ಎರಡನೇ ಗೇರಿಗೆ ಸ್ವಲ್ಪ ತಡವಾಗಿ ಕರಕ್ ಎಂದಿತು, ಇಬ್ಬರೂ ಒಬ್ಬರನ್ನೊಬ್ಬರು ಬೈದುಕೊಂಡರು. ಮೂರನೆಯದಕ್ಕೆ ಸದ್ದೇ ಬರಲಿಲ್ಲ. ಏರು ಮುಗಿಯುವ ಹೊತ್ತಿಗೆ ಅವನ ಕಾಲು ಕ್ಲಚ್ಚಿನ ಮೇಲೆ ಹೋಗುವುದಕ್ಕೂ ಅವಳ ಕೈ ಕೋಲಿಗೆ ಬರುವುದಕ್ಕೂ ಸರಿಹೊಂದಿತ್ತು. ಯಾರೂ ಯಾರಿಗೂ ಹೇಳಬೇಕಾಗಿರಲಿಲ್ಲ. ಈಗ ಅವನ ಕೈಗೆ ಇನ್ನಷ್ಟು ಬಲ ಬಂದಿದೆ, ಉಡುತಡಿಯವರೆಗೆ ತಾನೇ ಗೇರು ಹಾಕಿಕೊಂಡು ಹೋಗಿಬರುತ್ತಾನೆ. ಅವತ್ತು ಮಾತ್ರ ಸೊರಬದವರೆಗೂ ಹಾಗೇ ಹೋದೆವು, ಓಡಿಸುವವರು ಇಬ್ಬರು, ಕಾರು ಒಂದು.

ಮಹಾಂತೇಶನ ಮನೆಯ ಮುಂದೆ ಕಾರು ನಿಲ್ಲಿಸಿ ಮೂವರೂ ಇಳಿದೆವು. ಸದ್ದು ಕೇಳಿ ಅವನು ಟವೆಲಿನಲ್ಲಿ ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದ. ಭಾವ ಕಾರಿಗೆ ಒರಗಿ ನಿಂತಿದ್ದನ್ನು ನೋಡಿ ಅವನಿಗೆ ಆಶ್ಚರ್ಯವೂ ಸಂತೋಷವೂ ಒಟ್ಟಿಗೇ ಆಯಿತು.

"ಬನ್ನಿ ಬನ್ನಿ ಭಾವ. ಯಾರು ಓಡಿಸ್ಕೊಂಡು ಬಂದಿದ್ದು?"

"ನಾನು," ಎಂದ ಅಣ್ಣ. "ನಾನು," ಎಂದಳು ಅತ್ತಿಗೆ. ಇಬ್ಬರ ಮಾತೂ ಒಂದೇ ಉಸಿರಿಗೆ ಬಂತು.

ಮಹಾಂತೇಶ ನನ್ನ ಕಡೆ ನೋಡಿದ. ಇಬ್ಬರೂ ಹೇಳಿದ್ದು ನಿಜ ಎಂದೆ.